‘ಲಕ್ಷ್ಮೀ’ ಕೆತ್ತಲು ಯಾವ ಬಿಟ್?

ಪ್ರಶ್ನೆ: ಹೊಸ ಮನೆಯ ಗೇಟಿಗೆ ಸಾಗುವಾನಿ ಹಲಗೆಯಲ್ಲಿ ‘ಶ್ರೀ ಲಕ್ಷ್ಮೀ ನಿಲಯ’ ಎಂದು ನಾನೇ ಕೆತ್ತಬೇಕೆಂಬ ಆಸೆ. ಕೈಯಲ್ಲಿ ಹಿಡಿಯುವ ಟ್ರಿಮ್ಮರ್ ಕೊಂಡಿದ್ದೇನೆ, ಜೊತೆಗೆ 12 ಬಿಟ್‌ಗಳ ಪೆಟ್ಟಿಗೆಯೂ ಇದೆ. ವಿಡಿಯೊಗಳಲ್ಲಿ ಎಲ್ಲರೂ ವಿ-ಬಿಟ್ ಹಾಕಿ ಇಂಗ್ಲಿಷ್ ಅಕ್ಷರ ಕೆತ್ತುತ್ತಾರೆ. ಕನ್ನಡಕ್ಕೂ ಅದೇ ಸಾಕೆ? ಅಕ್ಷರದ ಶೈಲಿ ಹೇಗಿರಬೇಕು?

ಉತ್ತರ: ಬಿಟ್ ಪೆಟ್ಟಿಗೆಯನ್ನು ಸದ್ಯಕ್ಕೆ ಮುಚ್ಚಿಡಿ. ಪೆನ್ಸಿಲ್ ಹಿಡಿದು ದೊಡ್ಡದಾಗಿ ‘ಕ್ಷ್ಮೀ’ ಬರೆಯಿರಿ. ಒಂದು ಕ, ಅದಕ್ಕೆ ಅಂಟಿದ ಷ ಒತ್ತು, ಅದರ ಮಗ್ಗುಲಲ್ಲಿ ಮ ಒತ್ತು, ತಲೆಯ ಮೇಲೆ ಗುಡಿಸು, ಕೊನೆಗೆ ದೀರ್ಘ. ನಿಮ್ಮ ಫಲಕದಲ್ಲಿ ಇದಕ್ಕಿಂತ ಇಕ್ಕಟ್ಟಾದ ಜಾಗ ಇನ್ನೊಂದಿಲ್ಲ. ಯಾವ ಬಿಟ್ ಬೇಕೆಂದು ತೀರ್ಮಾನಿಸುವುದು ಇದೇ. ಅಂಗಡಿಯವನೂ ಅಲ್ಲ, ವಿಡಿಯೊದವನೂ ಅಲ್ಲ.

ವಿ-ಬಿಟ್ ಇಂಗ್ಲಿಷಿಗೆ ಒಗ್ಗುವುದಕ್ಕೆ ಕಾರಣವಿದೆ. ರೋಮನ್ ಅಕ್ಷರಗಳು ಕಲ್ಲಿನ ಮೇಲೆ ಉಳಿಯಿಂದ ಕಡೆದು ಬೆಳೆದವು. ಗೆರೆಯ ತುದಿಯಲ್ಲಿ ಚೂಪು ಕೊಕ್ಕು, ಮೂಲೆಯಲ್ಲಿ ಮೊನೆ. ಮೂಲೆ ಬಂದಾಗ ವಿ-ಬಿಟ್ಟನ್ನು ಮೆಲ್ಲಗೆ ಮೇಲೆತ್ತಿದರೆ ಆ ಮೊನೆ ತಾನಾಗಿ ಮೂಡುತ್ತದೆ. ಇಂದಿನ ಕನ್ನಡ ಅಕ್ಷರದ ಮೈಕಟ್ಟೇ ಬೇರೆ. ಓಲೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಅಕ್ಷರ ದುಂಡಾಯಿತು ಎಂಬ ವಿವರಣೆಯನ್ನು ನೀವೂ ಕೇಳಿರುತ್ತೀರಿ. ಕಾರಣ ಏನೇ ಇರಲಿ, ತಲೆಕಟ್ಟಿನಿಂದ ಕೊಂಬಿನವರೆಗೆ ಎಲ್ಲ ಸುರುಳಿ, ಎಲ್ಲ ತುದಿಯೂ ಗುಂಡು. ಇದಕ್ಕೆ ಹೇಳಿ ಮಾಡಿಸಿದ್ದು ಮೂತಿ ದುಂಡಗಿರುವ ರೌಂಡ್ ನೋಸ್ ಬಿಟ್.

ಇನ್ನೊಂದು ಲೆಕ್ಕವೂ ಇದೆ. 90 ಡಿಗ್ರಿಯ ವಿ-ಬಿಟ್ 1 ಮಿ.ಮೀ. ಹೆಚ್ಚು ಇಳಿದರೆ ಗೆರೆ 2 ಮಿ.ಮೀ. ಅಗಲವಾಗುತ್ತದೆ. 60 ಡಿಗ್ರಿಯದಾದರೆ ಸುಮಾರು 1.15 ಮಿ.ಮೀ. ಹೊಸಗೈಯಲ್ಲಿ ಟ್ರಿಮ್ಮರಿನ ತಳ ಒಂದಿಷ್ಟು ವಾಲದೆ ಇರುವುದಿಲ್ಲ. ವಾಲಿದ ಕಡೆಯೆಲ್ಲ ಗೆರೆ ಹಾವು ಇಲಿ ನುಂಗಿದ ಹಾಗೆ ಉಬ್ಬುತ್ತದೆ. 6 ಮಿ.ಮೀ. ರೌಂಡ್ ನೋಸ್ 3 ಮಿ.ಮೀ. ಇಳಿದ ಮೇಲೆ ಎಷ್ಟು ಆಳಕ್ಕೆ ಹೋದರೂ ಗೆರೆ 6 ಮಿ.ಮೀ. ಅಗಲದ್ದೇ. ಕೈ ನಡುಗಿದ್ದು ಯಾರಿಗೂ ತಿಳಿಯುವುದಿಲ್ಲ. ಆದರೆ ಪೆಟ್ಟಿಗೆಯಲ್ಲಿ ಬಂದಿರುವ ರೌಂಡ್ ನೋಸ್ ಅಳೆದು ನೋಡಿ. ಎಷ್ಟೋ ಪೆಟ್ಟಿಗೆಗಳಲ್ಲಿ ಅದು ಅರ್ಧ ಇಂಚಿನದು, ನಿಮ್ಮ ಅಕ್ಷರಕ್ಕೆ ದಂಡ. 6 ಮಿ.ಮೀ.ನದೊಂದು, ಒತ್ತಕ್ಷರಕ್ಕೆ 3 ಮಿ.ಮೀ.ನದೊಂದು ಬಿಡಿಯಾಗಿ ಕೊಳ್ಳಿ. ಒತ್ತಿನ ಗೆರೆ ತುಸು ತೆಳ್ಳಗಿದ್ದರೆ ಕಣ್ಣಿಗೂ ಹಿತ.

ಕೊಳ್ಳುವ ಮುಂಚೆ ಹೆಸರನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಬರೆದು, ಬಿಟ್‌ನಷ್ಟೇ ದಪ್ಪದ ಮಾರ್ಕರಿನಿಂದ ತಿದ್ದಿ. ಎರಡು ಗೆರೆಗಳ ನಡುವೆ ಎಲ್ಲಿಯಾದರೂ 3 ಮಿ.ಮೀ.ಗಿಂತ ಕಡಿಮೆ ಬಿಳಿ ಉಳಿದರೆ, ಅಲ್ಲಿ ಮರವೂ ಅಷ್ಟೇ ಉಳಿಯುತ್ತದೆ. ಎಳೆಗೆ ಅಡ್ಡವಾಗಿ ನಿಂತ ಅಂಥ ಚೂರು ‘ಚಟ್’ ಎಂದು ಹಾರಿಹೋಗುತ್ತದೆ. ಆಗ ಅಕ್ಷರ ದೊಡ್ಡದು ಮಾಡಬೇಕು, ಇಲ್ಲವೇ ಬಿಟ್ ಚಿಕ್ಕದಾಗಬೇಕು. ಬೋರ್ಡ್ ಬರೆಯುವವರು 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಎನ್ನುತ್ತಾರೆ. ಕನ್ನಡಕ್ಕೆ ನಾನು ಅದರ ಒಂದೂವರೆ ಪಟ್ಟು ಇಡುತ್ತೇನೆ, ಒತ್ತಿಗೆ ಕೆಳಗೆ ಬೇರೆ ಜಾಗ ಬಿಡುತ್ತೇನೆ.

ಈ ಪಾಠ ನನಗೆ ಪುಕ್ಕಟೆ ಬಂದದ್ದಲ್ಲ. ನೆಂಟರೊಬ್ಬರಿಗೆ ‘ಧನಲಕ್ಷ್ಮೀ’ ಎಂದು ಕೆತ್ತಿಕೊಟ್ಟಿದ್ದೆ. ಧ ಅಕ್ಷರದ ಹೊಟ್ಟೆ ಸೀಳನ್ನು ವಿ-ಬಿಟ್ಟಿನ ತುದಿಯಲ್ಲಿ ಸುಮ್ಮನೆ ಗೀಚಿದ್ದೆ. ಮೂರು ಕೈ ಪಾಲಿಶ್ ಬಿದ್ದ ಮೇಲೆ ಸೀಳು ಮುಚ್ಚಿಹೋಯಿತು. ಗೃಹಪ್ರವೇಶದ ದಿನ ಬಂದವರೆಲ್ಲ ‘ದನಲಕ್ಷ್ಮೀ’ ಎಂದು ಓದಿ ನಕ್ಕರು. ಆ ಮನೆಯ ಅತ್ತೆ ಮಾತ್ರ, ‘ಕೊಟ್ಟಿಗೆಗೆ ಹಾಕ್ಕೋತೀವಿ ಬಿಡು’ ಎಂದರು. ಈಗ ಧ, ಫ, ಭ ಬಂದರೆ ಆ ಸೀಳನ್ನು 3 ಮಿ.ಮೀ. ಬಿಟ್ಟಿನಲ್ಲೇ, ಉಳಿದ ಗೆರೆಯಷ್ಟೇ ಆಳಕ್ಕೆ ತೆಗೆಯುತ್ತೇನೆ.

ಶೈಲಿಯ ವಿಷಯ. ಕಂಪ್ಯೂಟರಿನ ಫಾಂಟ್ ಬಳಸುವುದಾದರೆ ದಪ್ಪ-ತೆಳು ಏರಿಳಿತ ಇರುವುದನ್ನು ಬಿಟ್ಟುಬಿಡಿ. ಒಂದೇ ಬಿಟ್ ಎರಡು ದಪ್ಪ ಕೊಡಲಾರದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ‘ಹುಬ್ಬಳ್ಳಿ’ಯಲ್ಲಿ ಗೆರೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ, ರೌಂಡ್ ನೋಸಿಗೆ ಸರಿಹೋಗುತ್ತದೆ. ‘ಬಲೂ ತಮ್ಮ’ ನೋಡಲು ಮುದ್ದು, ಆದರೆ ಮೈ ತುಂಬ ದಪ್ಪ, ಒಳಗಿನ ಕಿಂಡಿಗಳು ಕಿರಿದು. ಅದು ಉಬ್ಬು ಅಕ್ಷರಕ್ಕೆ ಲಾಯಕ್ಕು. ಉಬ್ಬು ಕೆಲಸಕ್ಕೆ ಸ್ಟ್ರೇಟ್ ಬಿಟ್ ಬೇಕು, ಸುತ್ತಲಿನ ಮರವನ್ನೆಲ್ಲ ತೆಗೆಯಬೇಕು. ಮೊದಲ ಫಲಕಕ್ಕೆ ಆ ಗೊಡವೆ ಬೇಡ. ನನ್ನನ್ನು ಕೇಳಿದರೆ, ಮನೆಯಲ್ಲಿ ಯಾರ ಕೈಬರಹ ದುಂಡಗಿದೆಯೋ ಅವರಿಂದ ಬರೆಸಿ ಹಿಗ್ಗಿಸಿಕೊಳ್ಳಿ. ಅದು ಬೇರೆ ಯಾರ ಗೇಟಿನಲ್ಲೂ ಸಿಗದು.

ಮುಂದೆಂದಾದರೂ ಸಿಎನ್‌ಸಿ ಅಂಗಡಿಗೆ ಕೊಟ್ಟರೆ, ಅಕ್ಷರಗಳನ್ನು ಕರ್ವ್ಸ್ (ಫಾಂಟ್ ಬೇಡದ ಬರೀ ಗೆರೆಗಳು) ಮಾಡಿಸಿಯೇ ಕೊಡಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಹೆಸರು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತದೆ. ಕೆತ್ತುವವನಿಗೆ ಕನ್ನಡ ಬಾರದಿದ್ದರೆ ಅದನ್ನೇ ಕೆತ್ತಿಯೂ ಬಿಡಬಹುದು.

ಬಿಟ್ಟಿನ ಹಿಡಿ ಮತ್ತು ಅದನ್ನು ಕಚ್ಚಿ ಹಿಡಿಯುವ ನಿಮ್ಮ ಮೆಷಿನ್ನಿನ ಕಾಲೆಟ್ ಎರಡರ ಅಳತೆಯೂ ಒಂದೇ ಇರಲಿ. 6 ಮಿ.ಮೀ. ಮತ್ತು ಕಾಲಿಂಚು ನೋಡಲು ಒಂದೇ, ಆದರೆ ಕಾಲಿಂಚು ಎಂದರೆ 6.35. ಕಾಲಿಂಚಿನ ಕಾಲೆಟ್ಟಿನಲ್ಲಿ 6 ಮಿ.ಮೀ. ಹಿಡಿಯ ಬಿಟ್ ಜಾರಿ, ಕೆಲಸದ ನಡುವೆಯೇ ಆಳ ಹೆಚ್ಚುತ್ತ ಹೋಗುತ್ತದೆ, ಕಳಚಿ ಹಾರಿದರೂ ಹಾರಿತು. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಕಾರ್ಬೈಡ್ ಅಲಗಿನದನ್ನೇ ಕೊಳ್ಳಿ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ.

ಮೊದಲ ಸುತ್ತು 1.5 ಮಿ.ಮೀ. ಮಾತ್ರ. ಮುಂದಕ್ಕೆ ತಳ್ಳುವಾಗ ಟ್ರಿಮ್ಮರ್ ಎಡಕ್ಕೆ ಎಳೆಯುತ್ತದೆ, ಸುರುಳಿ ತಿರುಗುವಾಗ ಮರದ ಎಳೆಯ ಜೊತೆ ಓಡಲು ನೋಡುತ್ತದೆ. ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಿರಿ. ಮುಂದಿನ ಸುತ್ತುಗಳಿಗೆ ಆ ಹಳ್ಳವೇ ದಾರಿ ತೋರಿಸುತ್ತದೆ. ಅಷ್ಟೂ ಸೇರಿ 4 ಮಿ.ಮೀ. ಆಳ ಸಾಕು. ಸಾಗುವಾನಿಗೆ ಕೈ ಹಾಕುವ ಮೊದಲು ಬಡಗಿಯ ಹತ್ತಿರ ಅದೇ ಮರದ ತುಂಡೊಂದನ್ನು ಕೇಳಿ ತಂದು, ‘ಕ್ಷ್ಮೀ’ ಒಂದನ್ನೇ ಐದಾರು ಸಲ ಕೆತ್ತಿ. ಷ ಒತ್ತು ಒಡೆಯದೆ ಬಂದ ದಿನ ಹಲಗೆಯನ್ನು ಮೇಜಿಗೆ ಬಿಗಿಯಿರಿ.