ಬಸ್ತಾ ಬಿಚ್ಚುವ ಮೊದಲು

ರಾಯಚೂರು, ದೇವದುರ್ಗ, ಮಾನ್ವಿಯ ಹಳೇ ಕಾಗದ, ಫೋಟೊ ಕೂಡಿಹಾಕುವ ಬಳಗದಲ್ಲಿ ಓಡಾಡಿ ಕಲಿತ ಪಾಠಗಳಿವು.

1. ಮೊದಲು ಗಂಜ್‌ಗೆ, ಅಂದರೆ ವ್ಯಾಪಾರದ ಪೇಟೆಗೆ ಹೋಗಿ. ರಾಯಚೂರಿನ ಕೋಟೆಗೆ ನೋಡಿಕೊಳ್ಳುವವರಿದ್ದಾರೆ, 1294ರ ಶಾಸನ ಹೊತ್ತ ಆ ಉದ್ದನೆಯ ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ. ದಿಕ್ಕಿಲ್ಲದಿರುವುದು ಕೋಟೆ ಹೊರಗಿನ ಊರಿಗೆ. 1871ರಲ್ಲಿ ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಸಮುದ್ರವಿಲ್ಲದ ಊರಿಗೆ ಸ್ಟೇಷನ್ನೇ ಬಂದರಾಯಿತು. ಅದರ ಹಿಂದೆಯೇ ಬಂದ ಹತ್ತಿಯ ಜಿನ್ನು, ಎಣ್ಣೆ ಮಿಲ್ಲು, ಹಮಾಲರ ಕಥೆ ಇರುವುದು ಅಡತಿ ಅಂಗಡಿಯ ಖಾತೆ ಪುಸ್ತಕಗಳಲ್ಲಿ. ಪ್ರತಿ ದೀಪಾವಳಿಗೆ ಹೊಸ ಪುಸ್ತಕಕ್ಕೆ ಪೂಜೆಯಾಗುತ್ತದೆ, ಹಳೆಯದು ಅಟ್ಟ ಸೇರುತ್ತದೆ, ಮನೆ ಕೆಡವುವ ದಿನ ರದ್ದಿಗೆ ಹೋಗುತ್ತದೆ. ಆದ್ದರಿಂದ ರದ್ದಿ ಅಂಗಡಿಯವರ ಗೆಳೆತನ ಬಿಡಬೇಡಿ.

2. ಬಸ್ತಾವನ್ನು ಫ್ಯಾನಿನ ಕೆಳಗೆ ಬಿಚ್ಚಬೇಡಿ. ಕೆಂಪು ಬಟ್ಟೆಯ ಗಂಟು, ಒಳಗೆ ಪುಡಿಯಾದ ಬೇವಿನ ಎಲೆ, ಅಂಚಿನುದ್ದಕ್ಕೂ ಗೆದ್ದಲಿನ ಮಣ್ಣಿನ ಗೆರೆ: ಎಳೆದರೆ ಹಾಳೆಯೇ ಬರುತ್ತದೆ. ಮೆತ್ತಗಿನ ಬ್ರಶ್ಶಿನಿಂದ ಧೂಳು ಜಾಡಿಸಿ. ಸೆಲ್ಲೋಟೇಪ್ ಮುಟ್ಟಲೇಬೇಡಿ.

3. ಉರ್ದು ಓದುವವರನ್ನು ಈಗಲೇ ಕೂಡಿಸಿಕೊಳ್ಳಿ. ನಿಜಾಮರ ಕಾಲದ ಕಚೇರಿ, ಕೋರ್ಟಿನ ಕಾಗದ ಹೆಚ್ಚಾಗಿ ಉರ್ದುವಿನಲ್ಲಿದೆ. ಅದರಲ್ಲೂ ಗುಮಾಸ್ತರ ಓಡುಬರಹ. ಅಚ್ಚಿನ ಉರ್ದು ಬಲ್ಲವರೂ ಅದರ ಮುಂದೆ ತಡವರಿಸುತ್ತಾರೆ. ಅದು ಬಲ್ಲ ಹಿರಿಯರಿಗೆ ಈಗ ಎಂಬತ್ತು ದಾಟಿದೆ. ಕಾಗದವಾದರೂ ಕಾಯಬಹುದು, ಅವರು ಕಾಯುವುದಿಲ್ಲ. ತಾರೀಖು ಫಸಲಿ ಎಂಬ ಕಂದಾಯದ ವರ್ಷಲೆಕ್ಕದಲ್ಲಿರುತ್ತದೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರು; ಡಿಸೆಂಬರಿನವರೆಗೆ 590, ಆಮೇಲೆ 591 ಕೂಡಿಸಬೇಕು. 1357 ಎಂದು ಕಂಡರೆ ಕೈ ನಿಧಾನವಾಗಲಿ. ಅದು 1947ರ ಅಕ್ಟೋಬರಿನಿಂದ 1948ರ ಸೆಪ್ಟೆಂಬರಿನವರೆಗಿನ ವರ್ಷ. ನಿಜಾಮರ ಪರ ನಿಂತ ರಜಾಕಾರರ ಹಾವಳಿ ಏರಿದ್ದು ಅದರಲ್ಲೇ, ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ನಡೆದದ್ದೂ ಅದರ ಕೊನೆಯಲ್ಲೇ.

4. ಆ ವರ್ಷದ ಬಗ್ಗೆ ಒಂದೇ ಮನೆಯ ಮಾತು ಬರೆದುಕೊಂಡು ಏಳಬೇಡಿ. ಊರು ಬಿಟ್ಟು ನಿಜಾಮರ ಗಡಿಯಾಚೆಯ ಶಿಬಿರಕ್ಕೆ ಹೋದವರ ಮನೆಯಲ್ಲಿ ಒಂದು ನೆನಪು, ಸೆಪ್ಟೆಂಬರಿನ ನಂತರ ಹೆದರಿ ಬಾಗಿಲು ಹಾಕಿಕೊಂಡವರ ಮನೆಯಲ್ಲಿ ಇನ್ನೊಂದು. ಎರಡನ್ನೂ ಹೇಳಿದವರ ಮಾತಿನಲ್ಲೇ ಇಡಿ. ತೂಕ ಮಾಡುವ ಕೆಲಸ ಓದುವವರದು. ನಮ್ಮವರಲ್ಲಿ ಹಲವರಿಗೆ ಇದು ಇಷ್ಟವಾಗುವುದಿಲ್ಲ, ಆಗದಿರಲಿ.

5. ಮೂಲ ಪ್ರತಿಗೆ ಕೈಚಾಚಬೇಡಿ. ಹರಿದಾಸರ ಊರುಗಳಾದ ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ಮೊಸರಕಲ್ಲು, ಇವೆಲ್ಲ ನಮ್ಮ ಸುತ್ತಲೇ ಇವೆ. ಅವರ ಹಾಡಿನ ಕೈಬರಹದ ಪುಸ್ತಕ ದೇವರ ಮನೆಯಲ್ಲಿರುವುದು ಇಲ್ಲಿ ಸಹಜ. ‘ಅಮ್ಮಾರ, ಹೊರಗ ತರೋದು ಬ್ಯಾಡ, ಅಲ್ಲೇ ಫೋಟೊ ತಗೋತೀವಿ’ ಅಂದರೆ ಆಯಿತು, ಮುಂದಿನ ಸಲ ಅವರೇ ಕರೆದು ಇನ್ನೊಂದನ್ನು ತೋರಿಸುತ್ತಾರೆ. ಕಾಗದ ಒಂದು ದಿನಕ್ಕೆ ಒಯ್ದರೂ ರಸೀದಿ ಬರೆದುಕೊಡಿ.

6. ಫೋಟೊದ ಹಿಂದೆ ಪೆನ್ನು ಬೇಡ, ಮೆತ್ತಗಿನ ಪೆನ್ಸಿಲ್. ಮದುವೆ ಫೋಟೊವನ್ನು ಅಜ್ಜಂದಿರಿಗಿಂತ ಅಜ್ಜಿಯಂದಿರ ಕೈಗೆ ಕೊಡಿ. ಯಾರ ಸೊಸೆ, ಯಾವ ಓಣಿ, ಸೀರೆ ಎಲ್ಲಿಂದ ತಂದದ್ದು ಎಂಬುದೆಲ್ಲ ಹೊರಬರುತ್ತದೆ.

7. ಪಟ್ಟಿ ಬರೆಯಿರಿ: ಏನು, ಯಾರದು, ಎಲ್ಲಿ ಸಿಕ್ಕಿತು, ಯಾರು ಓದಿಕೊಟ್ಟರು. ಅದರ ಪ್ರತಿ ರಾಯಚೂರಿನಲ್ಲೊಂದು, ದೇವದುರ್ಗದಲ್ಲೊಂದು, ಮಾನ್ವಿಯಲ್ಲೊಂದು ಇರಲಿ. ಬಳಗದ ಅಧ್ಯಕ್ಷರ ಮನೆಯ ಬೀರುವಿನಲ್ಲಿ ಮಾತ್ರ ಬೇಡ.