ಅವಗೆಂಪು ಬೆಳಕಿನಲ್ಲಿ ಕಂಡ ನಮ್ಮ ಸೀಮೆ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಹಳೆಯ ವಿದ್ಯಾರ್ಥಿಯೊಬ್ಬರು ಮಧುಗಿರಿ ಬೆಟ್ಟದ ಛಾಯಾಚಿತ್ರವೊಂದನ್ನು ಕಳುಹಿಸಿದ್ದರು. ನಡುಹಗಲಿನ ಚಿತ್ರ. ಆದರೆ ಅದರಲ್ಲಿ ಆಕಾಶ ಕಪ್ಪಾಗಿತ್ತು. ಕೆರೆಯ ನೀರು ಮಸಿಯಂತಿತ್ತು. ಬೆಟ್ಟದ ಬುಡದ ಹುಣಿಸೆಮರಗಳು ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಚಿತ್ರಗಳನ್ನು ಆರಿಸುವ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆನು. “ಇದು ಯಂತ್ರದಲ್ಲಿ ತಿದ್ದಿದ ಸುಳ್ಳು ಚಿತ್ರ, ಮಕ್ಕಳ ಮುಂದೆ ಇಡತಕ್ಕದ್ದಲ್ಲ” ಎಂದು ಹೇಳಿ ಅದನ್ನು ಪಕ್ಕಕ್ಕೆ ಸರಿಸಿದವನು ನಾನೇ. ಆತ ವಾದಿಸಲಿಲ್ಲ; ನಮಸ್ಕರಿಸಿ ಹೊರಟುಹೋದರು.

ಕಳೆದ ವರ್ಷ ಅವರು ಕ್ಯಾಮೆರಾವನ್ನೇ ಹೆಗಲಿಗೆ ಹಾಕಿಕೊಂಡು ಬಂದರು. “ಗುರುಗಳೇ, ತಾವೇ ಒಮ್ಮೆ ನೋಡಬೇಕು” ಎಂದು ಅದನ್ನು ನನ್ನ ಕೈಯಲ್ಲಿಟ್ಟರು. ಅಂಗಳದ ಹೊಂಗೆಮರದ ಕಡೆಗೆ ಹಿಡಿದು ಹಿಂಬದಿಯ ಪರದೆಯನ್ನು ನೋಡಿದೆನು. ಕಣ್ಣೆದುರಿಗೆ ಹಚ್ಚಹಸುರಾಗಿ ನಿಂತ ಮರ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತಿತ್ತು. ತಿದ್ದುವುದಕ್ಕೆ ಅಲ್ಲಿ ಯಾರಿಗೂ ಅವಕಾಶವಿರಲಿಲ್ಲ. ಅಂದು ಶಿಷ್ಯನಿಗೆ ನಾನು ಶಿಷ್ಯನಾದೆನು. ಆ ಬಳಿಕ ಕೇಳಿ ಕಲಿತುದನ್ನು ಈ ಸಂಚಿಕೆಯ ವಾಚಕರ ಮುಂದೆ ಇಡುತ್ತಿದ್ದೇನೆ. ಇದು ಪಾಠವೂ ಹೌದು, ಸಾಲದ ಮರುಪಾವತಿಯೂ ಹೌದು.

ಹೆಸರಿನ ವಿಚಾರ

ಈ ಬೆಳಕಿಗೆ ಕನ್ನಡದಲ್ಲಿ ‘ಅವಗೆಂಪು’ ಎಂಬ ಹೆಸರು ರೂಢಿಯಲ್ಲಿದೆ. ‘ಅವ’ ಎಂಬುದು ಸಂಸ್ಕೃತದ ಉಪಸರ್ಗ, ‘ಕೆಂಪು’ ಅಚ್ಚಗನ್ನಡ ಪದ. ಕಕಾರಕ್ಕೆ ಗಕಾರವು ಆದೇಶವಾಗಿ ಅವಗೆಂಪು ಎಂದಾಯಿತು. ಇದು ಅರಿಸಮಾಸವಲ್ಲವೇ ಎಂದು ನನ್ನಂಥ ಪಂಡಿತರು ಹುಬ್ಬೇರಿಸಬಹುದು. ಆದರೆ ಪದವು ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕೆಂಪಿಗಿಂತ ಕೆಳಗಿನದು ಎಂದರೆ ಕಂಪನಸಂಖ್ಯೆಯಲ್ಲಿ ಕೆಳಗಿನದು ಎಂದರ್ಥ. ತರಂಗದ ಉದ್ದದಲ್ಲಿ ಅದು ಕೆಂಪಿಗಿಂತ ಹಿರಿದು. ಮನುಷ್ಯನ ಕಣ್ಣಿಗೆ ಸುಮಾರು 400ರಿಂದ 700 ನ್ಯಾನೊಮೀಟರ್ ಉದ್ದದ ತರಂಗಗಳು ಮಾತ್ರ ಬೆಳಕಾಗಿ ತೋರುತ್ತವೆ. ಅದರಾಚೆಗೂ ಸೂರ್ಯನು ಬೆಳಕನ್ನು ಸುರಿಸುತ್ತಲೇ ಇದ್ದಾನೆ. ನಮಗೆ ಅದು ಕಾಣದು, ಅಷ್ಟೆ.

ಕಾಣದ ಈ ಬೆಳಕನ್ನು ಮೊದಲು ಪತ್ತೆ ಹಚ್ಚಿದವನು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್. 1800ರಲ್ಲಿ ಆತ ಬಿಸಿಲನ್ನು ಗಾಜಿನ ಪ್ರಿಸಂ ಮೂಲಕ ಹಾಯಿಸಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪಿನ ಅಂಚನ್ನು ದಾಟಿ, ಏನೂ ಕಾಣದ ಕಡೆಯಲ್ಲಿಟ್ಟ ಉಷ್ಣಮಾಪಕವು ಕೆಂಪಿನಲ್ಲಿಟ್ಟುದಕ್ಕಿಂತ ಹೆಚ್ಚು ಕಾದಿತು. ಆ ಬೆಳಕಿನಲ್ಲಿ ಭೂದೃಶ್ಯಗಳ ಛಾಯಾಚಿತ್ರಗಳನ್ನು ತೆಗೆದು 1910ರಲ್ಲಿ ಪ್ರಕಟಿಸಿದವನು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. ಎಲೆಗಳು ಬೆಳ್ಳಗೆ ಮೂಡುವ ಈ ವಿಶೇಷವನ್ನು ಇಂದಿಗೂ ‘ವುಡ್ ಪರಿಣಾಮ’ ಎಂದೇ ಕರೆಯುತ್ತಾರೆ.

ಎಲೆ ಬಿಳುಪು, ಬಾನು ಕಪ್ಪು

ಎಲೆಯಲ್ಲಿರುವ ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಹೀರಿ ಆಹಾರ ತಯಾರಿಕೆಗೆ ಬಳಸುತ್ತದೆ. ಹಸುರನ್ನು ಅಷ್ಟಾಗಿ ಹೀರದು. ಆದುದರಿಂದ ಎಲೆ ನಮಗೆ ಹಸುರು. ಅವಗೆಂಪು ಬೆಳಕನ್ನಾದರೋ ಪತ್ರಹರಿತ್ತು ತಡೆಯುವುದೇ ಇಲ್ಲ. ಅದು ಎಲೆಯ ಒಳಕ್ಕೆ ಇಳಿದು, ಅಲ್ಲಿಯ ಜೀವಕೋಶಗಳ ಗೋಡೆಗಳಿಗೂ ನಡುವಣ ಗಾಳಿಯ ಎಡೆಗಳಿಗೂ ತಾಗಿ ಚೆದರಿ, ಬಹುಪಾಲು ಹೊರಕ್ಕೆ ಬರುತ್ತದೆ. ಚಿತ್ರದಲ್ಲಿ ಕಾಣುವ ಬಿಳುಪು ಇದೇ.

ಆಕಾಶದ ಕಪ್ಪಿಗೆ ಕಾರಣ ಬೇರೆ. ಗಾಳಿಯ ಕಣಗಳು ಗಿಡ್ಡ ತರಂಗಗಳನ್ನು ಹೆಚ್ಚಾಗಿಯೂ ಉದ್ದ ತರಂಗಗಳನ್ನು ಅಲ್ಪವಾಗಿಯೂ ಚೆದರಿಸುತ್ತವೆ. ತರಂಗದ ಉದ್ದ ಇಮ್ಮಡಿಯಾದರೆ ಚೆದರುವಿಕೆ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 400 ನ್ಯಾನೊಮೀಟರಿನ ಬೆಳಕಿಗೆ ಹೋಲಿಸಿದರೆ 800 ನ್ಯಾನೊಮೀಟರಿನ ಅವಗೆಂಪು ಹೀಗೆ ತೀರ ಕಡಮೆ ಚೆದರುವುದರಿಂದ ಬಾನು ಕಪ್ಪಾಗಿಯೂ ದೂರದ ಬೆಟ್ಟಗಳು ಮಬ್ಬು ಕಳೆದು ಸ್ಪಷ್ಟವಾಗಿಯೂ ಮೂಡುತ್ತವೆ. ನೀರು ಅವಗೆಂಪನ್ನು ಹೀರುತ್ತದೆ. ಅದರಲ್ಲಿ ಪ್ರತಿಫಲಿಸುವ ಆಕಾಶವೂ ಕಪ್ಪೇ. ಕೆರೆ ಮಸಿಯಾದುದು ಹೀಗೆ.

ಕ್ಯಾಮೆರಾದ ಮಾರ್ಪಾಟು

ಹಿಂದೆ ಇದಕ್ಕೆ ವಿಶೇಷ ಫಿಲ್ಮು ಬೇಕಾಗಿತ್ತು. ಅದನ್ನು ತಣ್ಣಗೆ ಕಾಪಾಡಬೇಕು, ಕಗ್ಗತ್ತಲೆಯಲ್ಲಿ ತುಂಬಬೇಕು. ಕೊಡಾಕ್ ಸಂಸ್ಥೆಯು ತನ್ನ ಪ್ರಸಿದ್ಧ ಅವಗೆಂಪು ಫಿಲ್ಮಿನ ತಯಾರಿಕೆಯನ್ನು 2007ರಲ್ಲಿ ನಿಲ್ಲಿಸಿತು. ಈಗಿನ ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಸ್ಥಾನದಲ್ಲಿರುವ ಸಿಲಿಕಾನ್ ಫಲಕವು ಸುಮಾರು 1,100 ನ್ಯಾನೊಮೀಟರಿನವರೆಗೂ ಬೆಳಕನ್ನು ಗ್ರಹಿಸಬಲ್ಲುದು. ಆದರೆ ನಮ್ಮ ಕಣ್ಣು ಕಂಡಂತೆಯೇ ಚಿತ್ರ ಬರಲೆಂದು ತಯಾರಕರು ಅದರ ಮುಂದೆ ಅವಗೆಂಪನ್ನು ತಡೆಯುವ ಗಾಜೊಂದನ್ನು ಕೂರಿಸಿರುತ್ತಾರೆ. ಅನುಭವಸ್ಥನಾದ ಕುಶಲಕರ್ಮಿಯು ಆ ಗಾಜನ್ನು ತೆಗೆದು, 720 ನ್ಯಾನೊಮೀಟರಿನ ಆಚೆಯ ಬೆಳಕನ್ನಷ್ಟೇ ಬಿಡುವ ಮತ್ತೊಂದು ಗಾಜನ್ನಿಟ್ಟರೆ ಮಾರ್ಪಾಟು ಮುಗಿಯಿತು. ಇದನ್ನು ಮಕ್ಕಳು ತಾವಾಗಿ ಬಿಚ್ಚಿ ಮಾಡತಕ್ಕದ್ದಲ್ಲ. ಮಿಂಚುದೀಪವುಳ್ಳ ಕ್ಯಾಮೆರಾದೊಳಗೆ ವಿದ್ಯುತ್ತು ಸಂಗ್ರಹವಾಗಿದ್ದು ಬಲವಾದ ಆಘಾತ ಕೊಡಬಲ್ಲುದು.

ಮಾರ್ಪಾಟಾದ ಕ್ಯಾಮೆರಾದ ಚಿತ್ರ ಮೊದಲಿಗೆ ಕೆಂಪಗೆ ಮೂಡುತ್ತದೆ. ಹಸುರು ಹುಲ್ಲನ್ನೋ ಎಲೆಯನ್ನೋ ತೋರಿಸಿ ‘ಇದೇ ಬಿಳುಪು’ ಎಂದು ಯಂತ್ರಕ್ಕೆ ಕಲಿಸಬೇಕು. ಅವಗೆಂಪು ಬೆಳಕು ಮಸೂರದಲ್ಲಿ ಸಂಗಮಿಸುವ ಸ್ಥಳ ತುಸು ಬೇರೆಯಾದ್ದರಿಂದ, ಹಿಂಬದಿಯ ಪರದೆಯನ್ನು ನೋಡಿಯೇ ಸ್ಪಷ್ಟತೆಯನ್ನು ಹೊಂದಿಸಿಕೊಳ್ಳುವುದು ಮೇಲು. ಇನ್ನೊಂದು ಸೋಜಿಗವೆಂದರೆ, ಇತರ ಛಾಯಾಗ್ರಾಹಕರು ಕ್ಯಾಮೆರಾವನ್ನು ಚೀಲದಲ್ಲಿಡುವ ಪಾವಗಡದ ನಡುಹಗಲ ಬಿಸಿಲೇ ಇದಕ್ಕೆ ಪ್ರಶಸ್ತವಾದ ವೇಳೆ.

ಎರಡು ತಪ್ಪು ಗ್ರಹಿಕೆಗಳು

ಈ ಕ್ಯಾಮೆರಾ ಮೈಯ ಬಿಸಿಯನ್ನು ತೋರಿಸುತ್ತದೆ ಎಂದು ಅನೇಕರು ನಂಬಿದ್ದಾರೆ. ಅದು ಸರಿಯಲ್ಲ. ಮನುಷ್ಯನ ಮೈಯಿಂದ ಹೊರಡುವ ಶಾಖಕಿರಣಗಳು ಮುಖ್ಯವಾಗಿ ಸುಮಾರು 10,000 ನ್ಯಾನೊಮೀಟರಿನ ಆಸುಪಾಸಿನವು; ಅವು ಈ ಫಲಕಕ್ಕೆ ನಿಲುಕವು. ಇಲ್ಲಿ ನಾವು ಕಾಣುವುದು ವಸ್ತುಗಳ ಮೇಲೆ ಬಿದ್ದು ಮರಳಿದ ಬಿಸಿಲನ್ನೇ.

ಬೆಳ್ಳಗಿದ್ದುದೆಲ್ಲ ಒಳ್ಳೆಯದು ಎಂಬುದು ಎರಡನೆಯ ಭ್ರಮೆ. ಕೆರೆಯ ಅಂಗಳವನ್ನು ನುಂಗಿ ಬೆಳೆದ ಬಳ್ಳಾರಿ ಜಾಲಿಯೂ ಹುಣಿಸೆ, ಹೊಂಗೆಗಳಂತೆಯೇ ಬೆಳ್ಳಗೆ ಹೊಳೆಯುತ್ತದೆ. ಯಂತ್ರವು ಎಲೆಯನ್ನು ಬಲ್ಲುದು. ಅದರ ಬೆಲೆಯನ್ನು ಅರಿಯದು. ಮತ್ತೆ, ಒಂದನ್ನು ತೋರಿಸುವ ಬೆಳಕು ಇನ್ನೊಂದನ್ನು ಮರೆಸುತ್ತದೆ. ಸಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಿಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಬರಿಗಣ್ಣಿಗೆ ಹಸುರಿನ ಮೇಲೆ ಹೂವಿನಂತೆ ಕಾಣುತ್ತವೆ. ಎಲೆಯೇ ಬೆಳ್ಳಗಾದ ಚಿತ್ರದಲ್ಲಿ ಆ ಬಿಳಿಯ ಹಕ್ಕಿಯನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟ.

ಬೆಡಗಿನಿಂದ ಬಳಕೆಗೆ

ಇದು ಬರಿಯ ಬೆಡಗಿನ ಕಲೆಯಲ್ಲ. ಭಾರತದ ದೂರಸಂವೇದನೆಯ ಪಿತಾಮಹರೆನಿಸಿದ ಪಿ. ಆರ್. ಪಿಶಾರೋಟಿಯವರು 1970ರಲ್ಲಿ ಕೇರಳದ ತೆಂಗಿನ ಬೇರುಸೊರಗು ರೋಗವನ್ನು ಗುರುತಿಸಲು ಹೆಲಿಕಾಪ್ಟರಿನಿಂದ ಅವಗೆಂಪು ಚಿತ್ರಗಳನ್ನು ತೆಗೆಸಿದರು. 1988ರ ಮಾರ್ಚ್ 17ರಂದು ಹಾರಿದ ನಮ್ಮ ಮೊದಲ ಪೂರ್ಣಬಳಕೆಯ (ಪ್ರಾಯೋಗಿಕವಲ್ಲದ) ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ತನ್ನ ಕ್ಯಾಮೆರಾಗಳಲ್ಲಿ ಅವಗೆಂಪಿಗೆಂದೇ ಒಂದು ಪಟ್ಟಿಯನ್ನು ಹೊಂದಿತ್ತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾವ್ ಅವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಇದರ ಲೆಕ್ಕ ಸುಲಭ. ಮರಳಿದ ಅವಗೆಂಪಿನಿಂದ ಮರಳಿದ ಕೆಂಪನ್ನು ಕಳೆದು, ಬಂದುದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಸ್ಯಸೂಚ್ಯಂಕ ದೊರೆಯುತ್ತದೆ. ಉದಾಹರಣೆಗೆ, ಪೈರೊಂದು ನೂರರಲ್ಲಿ 50 ಪಾಲು ಅವಗೆಂಪನ್ನೂ 10 ಪಾಲು ಕೆಂಪನ್ನೂ ಮರಳಿಸಿದರೆ ಸೂಚ್ಯಂಕ 40/60, ಅಂದರೆ 0.67. ಬರಿನೆಲವು 30 ಮತ್ತು 20 ಪಾಲು ಮರಳಿಸಿದರೆ 10/50, ಅಂದರೆ 0.2. ಪೈರು ಸೊರಗಿದಂತೆ ಮೊದಲ ಸಂಖ್ಯೆ ಎರಡನೆಯದರತ್ತ ಇಳಿಯುತ್ತದೆ. ಮಳೆಯನ್ನೇ ನಂಬಿದ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇಂತಹ ಅಳತೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಒಂದು ಅವಗೆಂಪು ಚಿತ್ರದಿಂದ ಮಾತ್ರ ರೋಗವನ್ನು ನಿರ್ಣಯಿಸಲಾಗದು. ಕೆಂಪಿನ ಚಿತ್ರವೂ ಹೋಲಿಕೆಯೂ ಬೇಕು.

ಪಾವಗಡದ ತಿರುಮಣಿ, ವಳ್ಳೂರುಗಳ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಸೌರಫಲಕದ ಸಿಲಿಕಾನೂ ಕ್ಯಾಮೆರಾದ ಸಿಲಿಕಾನೂ ಒಂದೇ ಧಾತು. ಕೆಂಪಿನಾಚೆಯ ಅದೇ ಕಾಣದ ಬೆಳಕಿನ ಒಂದಂಶವನ್ನೂ ಹಿಡಿದು ಅಲ್ಲಿ ವಿದ್ಯುತ್ತಾಗಿಸುತ್ತಾರೆ, ಇಲ್ಲಿ ಚಿತ್ರವಾಗಿಸುತ್ತಾರೆ.

ಒಂದು ವಿನಂತಿ

ತರಗತಿಯಲ್ಲಿ ಇದನ್ನು ಆರಂಭಿಸಲು ಖರ್ಚು ಬೇಕಿಲ್ಲ. ಟೀವಿಯ ರಿಮೋಟನ್ನು ಮೊಬೈಲ್ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿದರೆ, ಕಣ್ಣಿಗೆ ಕಾಣದ ಮಿನುಗು ಅನೇಕ ಮೊಬೈಲುಗಳ ಪರದೆಯ ಮೇಲೆ ಕಾಣುತ್ತದೆ. ಮುಂದಿನ ಹೆಜ್ಜೆಗೆ ದಾನಿಗಳ ನೆರವು ಬೇಕು. ಹಳೆಯ ವಿದ್ಯಾರ್ಥಿಗಳ ಮನೆಯ ಕಪಾಟಿನಲ್ಲಿ ಬಳಸದೆ ಬಿದ್ದಿರುವ ಕ್ಯಾಮೆರಾ ಒಂದನ್ನು ಶಾಲೆಗೆ ಕೊಟ್ಟು ಮಾರ್ಪಾಟು ಮಾಡಿಸಿಕೊಟ್ಟರೆ, ಮಕ್ಕಳು ಪ್ರತಿವರ್ಷ ಅದೇ ತಿಂಗಳು, ಅದೇ ಹೊತ್ತು, ಅದೇ ದಿಣ್ಣೆಯ ಮೇಲೆ ನಿಂತು ಊರ ಕೆರೆಯನ್ನೂ ತೋಟಗಳನ್ನೂ ಎರಡೆರಡು ಬಗೆಯಲ್ಲಿ ಚಿತ್ರಿಸಬಹುದು. ಪ್ರತಿಯೊಂದರ ಕೆಳಗೆ ದಿನಾಂಕವನ್ನೂ ಬಳಸಿದ ಗಾಜನ್ನೂ ‘ಇದು ಅವಗೆಂಪು ಚಿತ್ರ’ ಎಂಬ ಮಾತನ್ನೂ ತಪ್ಪದೆ ಬರೆಯಬೇಕು. ಈ ಒಂದು ಸಾಲು ಇದ್ದರೆ ಅದು ಸಾಕ್ಷ್ಯ; ಇಲ್ಲದಿದ್ದರೆ ನೋಡಿದವರು ನಾನು ಅಂದಂತೆಯೇ ಸುಳ್ಳೆಂದಾರು. ಇಪ್ಪತ್ತು ವರ್ಷ ನಡೆದರೆ ಅದು ನಮ್ಮ ಸೀಮೆಯ ಹಸುರಿನ ಕಡತವಾದೀತು.

ಅರ್ಥವಾಗದ ಪದವನ್ನು ಅಪಶಬ್ದವೆಂದು ಕರೆಯಬಾರದು, ಮೊದಲು ಕೋಶವನ್ನು ತೆರೆಯಬೇಕು ಎಂದು ನಾನು ಮಕ್ಕಳಿಗೆ ಹೇಳುತ್ತ ಬಂದವನು. ಚಿತ್ರದ ವಿಷಯದಲ್ಲಿ ಆ ನಿಯಮವನ್ನು ನಾನೇ ಮುರಿದೆನು. ಅಂದು ಪಕ್ಕಕ್ಕೆ ಸರಿಸಿದ ಮಧುಗಿರಿಯ ಚಿತ್ರ ಈಗ ಶಿಕ್ಷಕರ ಕೊಠಡಿಯ ಗೋಡೆಯ ಮೇಲಿದೆ. ಅದರ ಕೆಳಗಿನ ವಿವರವನ್ನು ನನ್ನ ಕೈಯಾರೆ ಬರೆದಿದ್ದೇನೆ.