ಒಂದನ್ನೊಂದು ಹೋಲುವ ಹಾವುಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿ ಮನೆಯನ್ನೂ ಗದ್ದೆ ತೋಟಗಳನ್ನೂ ನೋಡಿಕೊಳ್ಳುತ್ತಿರುವರು. ನಮ್ಮನ್ನು ಕಾಣಲು ಬಂದಾಗ ಅವರು ಪ್ರಕೃತಿಪಾಠದ ಬೇರೆ ಸಂಗತಿಗಳನ್ನು ಮರೆತಿದ್ದರೂ ಹಾವುಗಳ ವಿಷಯವನ್ನು ಕೇಳದೆ ಹೋಗುವದಿಲ್ಲ. ಆದಕಾರಣ ತರಗತಿಯಲ್ಲಿ ಹೇಳುತ್ತಿದ್ದುದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆಯುತ್ತೇವೆ. ತಿದ್ದಬೇಕಾಗಿ ಬಂದದ್ದೇಕೆಂಬದು ಮುಂದೆ ತಿಳಿಯುವದು.

ಮನೆಯೊಳಗೆ ಬರುವ ಹಾವುಗಳಲ್ಲಿ ಬಹು ಅಪಾಯಕರವಾದದ್ದು ಕಟ್ಟುಹಾವು. ಮಲೆನಾಡಿನವರು ಇದನ್ನು ಕಡಂಬಳವೆನ್ನುವರು. ಹೊಳೆಯುವ ಕಪ್ಪು ಮೈ. ಅದರ ಮೇಲೆ ಸಪುರವಾದ ಬಿಳಿಯ ಅಡ್ಡಪಟ್ಟೆಗಳು, ಹೆಚ್ಚಾಗಿ ಎರಡೆರಡು ಜತೆಯಾಗಿ. ಮನುಷ್ಯರಿಗೆ ಕೇಡು ಮಾಡದ ತೋಳಹಾವಿಗೂ ಕಂದುಬಣ್ಣದ ಮೈಮೇಲೆ ಇಂಥಾ ಪಟ್ಟೆಗಳುಂಟು. ಎರಡೂ ರಾತ್ರಿಯಲ್ಲಿ ಸಂಚರಿಸುವವು. ಎರಡೂ ಮನೆಯನ್ನು ಹೊಗುವವು. ಪಟ್ಟೆಗಳು ಎಲ್ಲಿ ಆರಂಭವಾಗುತ್ತವೆಂಬದನ್ನು ನೋಡಬೇಕು. ತೋಳಹಾವಿನಲ್ಲಿ ಅವು ಕತ್ತಿನ ಬಳಿಯಲ್ಲೇ ಅಗಲವಾಗಿ ತೊಡಗಿ ಬಾಲದ ಕಡೆಗೆ ಮಾಸಿಹೋಗುತ್ತವೆ. ಕಟ್ಟುಹಾವಿನಲ್ಲಾದರೋ ತಲೆಯಿಂದ ಸ್ವಲ್ಪ ದೂರದ ವರೆಗೆ ಮೈ ಬರಿದಾಗಿದ್ದು, ಇಲ್ಲವೆ ಚುಕ್ಕೆಗಳು ಮಾತ್ರವಿದ್ದು, ಹಿಂದಕ್ಕೆ ಹೋದಷ್ಟೂ ಪಟ್ಟೆಗಳು ಸ್ಪಷ್ಟವಾಗುವವು. ಇದರ ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವು, ಆರು ಮೂಲೆಯವು. ಆದರೆ ಅವುಗಳ ಮೂಲೆಗಳನ್ನು ಎಣಿಸುವಷ್ಟು ಸಮೀಪಕ್ಕೆ ಹೋದವಳು ನಮ್ಮ ಪಾಠವನ್ನು ಸರಿಯಾಗಿ ಕಲಿಯಲಿಲ್ಲವೆಂದೇ ಹೇಳಬೇಕು.

ಕೆಲವು ವರ್ಷಗಳ ಹಿಂದೆ ವಸತಿಗೃಹದ ಸ್ನಾನದ ಕೋಣೆಯಲ್ಲಿ ಒಂದೂವರೆ ಗೇಣಿನ ಹಾವೊಂದು ಕಾಣಿಸಿತು. ಪಟ್ಟೆಗಳು ಕತ್ತಿನ ಬಳಿಯಿಂದಲೇ ಇದ್ದುದನ್ನು ಕಂಡು ನಾವು, "ತೋಳಹಾವು, ಹೆದರಬೇಡಿರಿ" ಎಂದುಬಿಟ್ಟೆವು. ನಮ್ಮ ಮಾತನ್ನು ನಂಬಿ ಒಬ್ಬ ಹುಡುಗಿಯು ಅದನ್ನು ಪೊರಕೆಯಿಂದ ಸರಿಸಲು ಹೋದಳು. ಹಾವು ಹಿಡಿಯಬಲ್ಲವರೊಬ್ಬರನ್ನು ಕರೆಯಿಸಿದಾಗ ಅದು ಕಟ್ಟುಹಾವಿನ ಮರಿಯೆಂದು ತಿಳಿಯಿತು. ಮರಿಗಳಲ್ಲಿ ಮುಂಭಾಗದ ಪಟ್ಟೆಗಳೂ ಎದ್ದು ಕಾಣುವದುಂಟೆಂಬದನ್ನು ನಾವು ಅರಿತಿರಲಿಲ್ಲ. ಹುಡುಗಿಗೆ ಏನೂ ಆಗಲಿಲ್ಲ; ನಮಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ. ಅಂದಿನಿಂದ ಪಟ್ಟೆಯುಳ್ಳ ಯಾವ ಹಾವನ್ನಾದರೂ ಕಟ್ಟುಹಾವೆಂದೇ ಎಣಿಸಿ ದೂರ ನಿಲ್ಲತಕ್ಕದ್ದೆಂದು ಕಲಿಸುತ್ತಿದ್ದೇವೆ.

ಮಂಡಲಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ಕೊಳಕುಮಂಡಲದ ದಪ್ಪ ಮೈಮೇಲೆ ಕಪ್ಪು ಅಂಚಿನ ಕಂದು ಬೊಟ್ಟುಗಳು ಸರಪಣಿಯಂತೆ ಮೂರು ಸಾಲಾಗಿರುವವು. ಕೆಣಕಿದರೆ ಕುಕ್ಕರಿನ ಹಬೆಯಂತೆ ಬುಸುಗುಟ್ಟುವದು. ಗರಗಸ ಮಂಡಲವೂ ವಿಷದ್ದೇ, ಆದರೆ ಬಹಳ ಚಿಕ್ಕದು, ಒಣಗಿದ ಕಲ್ಲುನೆಲದಲ್ಲಿರುವದು. ತಲೆಯ ಮೇಲೆ ಬಾಣದಂಥ ಗುರುತು, ಪಕ್ಕಗಳಲ್ಲಿ ಅಲೆಯಂಥ ಬಿಳಿಗೆರೆ. ಇದು ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಂತೆ ಸಪ್ಪಳ ಮಾಡುವದು. ಪಾಪದ ಮಣ್ಣುಮುಕ್ಕ ಹಾವನ್ನು ಕೊಳಕುಮಂಡಲವೆಂದು ಹೊಡೆದು ಕೊಲ್ಲುವವರು ಬಹಳ. ಅದರ ಮಚ್ಚೆಗಳಿಗೆ ಸಾಲೆಂಬದಿಲ್ಲ. ಬಾಲವು ತೀರ ಮೊಟಕು. ತಲೆಗೂ ಕತ್ತಿಗೂ ಹೆಚ್ಚು ಭೇದ ಕಾಣದು.

ಇನ್ನು ತಾಯಂದಿರು ಮುಖ್ಯವಾಗಿ ಲಕ್ಷ್ಯವಿಡಬೇಕಾದ ಸಂಗತಿ. ಕಟ್ಟುಹಾವು ನೆಲದ ಮೇಲೆ ಮಲಗಿ ನಿದ್ರಿಸುವವರನ್ನು ಕಚ್ಚುವದುಂಟು. ಆಗ ನೋವಾಗಲಿ ಬಾವಾಗಲಿ ಹೆಚ್ಚಾಗಿ ಇರದು. ಗಾಯದ ಗುರುತು ಸಹ ಅನೇಕ ವೇಳೆ ಕಾಣದು. ಬೆಳಗಿನ ಜಾವ ಮಗುವು ಹೊಟ್ಟೆನೋವೆಂದು ಅಳುತ್ತಾ ಏಳುವದು. ಮನೆಯವರು ಅಜೀರ್ಣವೆಂದು ಕಷಾಯ ಕಾಯಿಸುವರು. ರೆಪ್ಪೆಗಳು ಜೋಲಿ, ಮಾತು ತೊದಲಿ, ನುಂಗುವದು ಕಷ್ಟವಾದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಉಸಿರಾಟದ ಸ್ನಾಯುಗಳೂ ಸೋಲುವ ಭಯವಿದೆ. ಹಾವನ್ನು ಹುಡುಕಿ ಕೊಂದು ತರುವ ಅಗತ್ಯವಿಲ್ಲ. ನಮ್ಮ ದೇಶದಲ್ಲಿ ಕೊಡುವ ಪ್ರತಿವಿಷದ ಔಷಧವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಬಿಗಿಯಾಗಿ ಕಟ್ಟುವದು, ಕೊಯ್ಯುವದು, ರಕ್ತ ಹೀರುವದು ಕೂಡದು. ಕಚ್ಚಿಸಿಕೊಂಡ ಕೈಕಾಲನ್ನು ಅಲುಗಾಡದಂತೆ ಹಲಗೆಗೆ ಆನಿಸಿಡಬೇಕು. ಹಾವು ಕಡಿತವನ್ನು ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕದಲ್ಲಿ 2024ರಲ್ಲಿ ವಿಧಿಸಲಾಯಿತು.

ನಮ್ಮ ವಸತಿಗೃಹದಲ್ಲಿ ಈಗ ಯಾರೂ ಬರಿನೆಲದಲ್ಲಿ ಮಲಗುವದಿಲ್ಲ. ಸೊಳ್ಳೆಪರದೆಯ ಅಂಚನ್ನು ನಾಲ್ಕು ಕಡೆಯೂ ಹಾಸಿಗೆಯಡಿಗೆ ಸಿಕ್ಕಿಸಿರುವರೋ ಎಂದು ನಾವೇ ಸುತ್ತಾಡಿ ನೋಡಿದ ಮೇಲೆ ದೀಪವನ್ನು ಆರಿಸುವರು.